ಕರಪತ್ರದಲ್ಲಿ ಒಂದು ಸಾಲು

ಅಚ್ಚಿನಂಗಡಿಯ ಒರೆಸ್ತೆಸ್ ಕನ್ನಡಕ ಹಣೆಗೇರಿಸಿ ಕೇಳುತ್ತಾನೆ:
ಗುಂಪಿಗೋ, ಒಬ್ಬೊಬ್ಬರಿಗೋ? ಬೇಗ ಹೇಳು,
ಶಾಯಿ ಒಣಗುತ್ತದೆ.
ಸುಳ್ಳು. ಅವನದು ಲೇಸರ್ ಯಂತ್ರ.

ನನ್ನ ಹೆಸರು ಆಗಲೇ ಪರದೆಯ ಮೇಲಿದೆ, ದಪ್ಪಕ್ಷರದಲ್ಲಿ:
ನೋಯೆಲಿಯಾ ಬರೇಟೊ, ವ್ಯಾಯಾಮ ತರಬೇತಿ.
ಪ್ರಮಾಣಪತ್ರಕ್ಕೆ ಇನ್ನೂ ಅಂಟಿನ ವಾಸನೆ.
ಆಸ್ತಿ ಎಂದರೆ ನಾಲ್ಕು ರಬ್ಬರ್ ಪಟ್ಟಿ, ಎರಡು ಕೆಟಲ್‌ಬೆಲ್,
ತಮ್ಮನಿಂದ ಕಿತ್ತುಕೊಂಡ ಒಂದು ಸೀಟಿ.

ಲೆಕ್ಕ ಸುಲಭ ಎನ್ನುತ್ತಾರೆ.
ಮೊಂಟೆವಿಡಿಯೊದ ಕಡಲದಂಡೆಗೆ ಬಾಡಿಗೆಯಿಲ್ಲ;
ಕಡಲೂ ಕಡಲಲ್ಲ, ಚಹಾದ ಬಣ್ಣದ ನದಿ,
ಆಚೆ ದಡ ಕಾಣದ್ದಕ್ಕೆ ನಾವೇ ಕೊಟ್ಟ ಬಡ್ತಿ.
ಅಲ್ಲಿ ಒಂಬತ್ತು ಜನ, ತಲೆಗೆ ಇನ್ನೂರು ಪೆಸೊ.
ಇಲ್ಲವೇ ಒಬ್ಬನೇ ಒಬ್ಬ, ಅವನ ಮನೆಯಲ್ಲೇ, ಏಳುನೂರು.
ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದವರು
ಬಾಡಿಗೆ ಕಟ್ಟಿದವರಲ್ಲ.

ಮಂಗಳವಾರ, ಬೆಳಿಗ್ಗೆ ಆರೂವರೆ.
ನೈರುತ್ಯದ ಗಾಳಿ ನನ್ನ ಎಣಿಕೆಯನ್ನು ಬಾಯಿಂದಲೇ ಕಸಿಯುತ್ತದೆ.
ಏಳು, ಎಂದು ಕೂಗುತ್ತೇನೆ.
ಮುಂದಿನ ಸಾಲಿಗೆ ಅದು ಅಂಕಿ,
ಹಿಂದಿನ ಸಾಲಿಗೆ ಅಪ್ಪಣೆ.
ಹಿಂದಿನ ಸಾಲೆಂದರೆ ಜುಲ್ಮಾ.
ಬೇಕರಿಯ ರಾತ್ರಿಪಾಳಿ ಮುಗಿಸಿ ನೇರ ಬಂದವಳು,
ಮೊಣಕೈಯಲ್ಲಿ ಹಿಟ್ಟು.
ಅರ್ಧ ಬಸ್ಕಿ ಹೊಡೆದು ಪೂರ್ತಿ ಹೊಡೆದವಳ ಉಸಿರು ಬಿಡುತ್ತಾಳೆ.
ಮೂರು ವಾರ ನನಗದು ಕಾಣಲಿಲ್ಲ.
ಯಾರದೋ ನಾಯಿ ನುಗ್ಗಿ ಸಾಲು ಒಡೆದ ದಿನ ಕಂಡಿತು:
ಅವಳ ಎಡಮಂಡಿ ಒಳಕ್ಕೆ ಕುಸಿಯುತ್ತಿದೆ,
ಎಷ್ಟು ದಿನದಿಂದಲೋ.

ಬದಿಗೆ ಕರೆದೆ. ನಿಮಗೊಬ್ಬರಿಗೇ ಬೇರೆ ಸಮಯ ಕೊಡಲೇ, ದುಡ್ಡಿನ ಮಾತು ಆಮೇಲೆ.
ಬೇಡ ಮಗಳೇ, ಎಂದಳು.
ರಾತ್ರಿಯಿಡೀ ಯಜಮಾನ ನನ್ನ ಕೈಯನ್ನೇ ನೋಡುತ್ತಿರುತ್ತಾನೆ.
ಇಲ್ಲಿಗೆ ಬರುವುದು
ಒಂದು ತಾಸು ಯಾರೂ ನೋಡದಿರಲಿ ಎಂದು.

ಆಮೇಲೆ ಎಲೆಯುತೇರಿಯೊ.
ಮೂವತ್ತೊಂದು ವರ್ಷ ಸಿಟಿಬಸ್ಸು ಓಡಿಸಿದವನು,
ಈಗ ಸೊಂಟದಲ್ಲಿ ಹೊಸ ಕೀಲು.
ನಾನು ಬರುವ ದಿನ ಅಂಗಿಗೆ ಇಸ್ತ್ರಿ,
ಸೋರೆಬುರುಡೆಯಲ್ಲಿ ಕಹಿ ಮಾಟೆ, ನನಗೇ ಮೊದಲ ಗುಟುಕು.
ಕುರ್ಚಿಯಿಂದ ಎದ್ದು ಕೂರಬೇಕು, ಹತ್ತು ಸಲ.
ಅಂಕಿ ಬೇಡ, ನಿಲ್ದಾಣ ಹೇಳುತ್ತೇನೆ ಎನ್ನುತ್ತಾನೆ:
ಬಂದರು. ಮೀನುಪೇಟೆ. ಹಳೇ ಜೈಲು. ಕನ್ನಡಿ ಕಾರ್ಖಾನೆ...
ಎಂಟನೆಯದು ಸ್ಮಶಾನದ ಗೇಟು.
ಅಲ್ಲಿ ನಿಲ್ಲಿಸುವುದಿಲ್ಲ. ಏಳರಿಂದ ನೇರ ಒಂಬತ್ತಕ್ಕೆ.
ನನಗೆ ಎಲ್ಲ ಕಾಣುತ್ತದೆ, ಕಾಣಲೆಂದೇ ಏಳುನೂರು.
ಒಂದು ಕಡಿಮೆಯಾಯಿತು ಅನ್ನುವುದಿಲ್ಲ.

ಅವನಿಗೆ ನೆಗಡಿಯಾದರೆ ಆ ವಾರ ನನ್ನ ಒಲೆ ತಣ್ಣಗೆ.
ಗುಂಪಿನಲ್ಲಿ ಒಬ್ಬರು ಬಿಟ್ಟರೂ ಗೊತ್ತಾಗುವುದಿಲ್ಲ,
ಗೊತ್ತಾಗದಿರುವುದೇ ಆಮೇಲೆ ರಾತ್ರಿ ಚುಚ್ಚುವುದು.
ಅವನ ಮನೆಯಿಂದ ಇಳಿದು ಬರುವಾಗ
ಮೆಟ್ಟಿಲ ಮೇಲೆ ಸುಮ್ಮನೆ ಒಮ್ಮೆ ಸೀಟಿ ಊದಿದ್ದೇನೆ,
ಗಂಟಲು ಇದೆಯೋ ಇಲ್ಲವೋ ನೋಡಲು.

ಏನು ಹಾಕಲಿ? ಒರೆಸ್ತೆಸ್ ಮತ್ತೆ.
ಹೆಸರು ಹಾಕಿ, ಫೋನ್ ಹಾಕಿ. ಆ ಸಾಲು ಖಾಲಿ ಬಿಡಿ.
ಕೊಡುವಾಗ ಮುಖ ನೋಡಿ
ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ.
ಖಾಲಿಗೂ ಅದೇ ದರ, ಎನ್ನುತ್ತಾನೆ.

ಕಾಗದ ತರಲು ಸ್ಟೂಲಿನಿಂದ ಏಳಬೇಕು ಅವನು.
ಒಂದು ಕೈ ಮೇಜಿಗೆ, ಒಂದು ಕೈ ಬೆನ್ನಿಗೆ.
ನೋಡಿಯೂ ನೋಡದವಳ ಹಾಗೆ
ನಾನು ನೋಟು ಎಣಿಸುತ್ತಿದ್ದೇನೆ, ಸ್ವಲ್ಪ ಜೋರಾಗಿಯೇ:
ಐದು,
ಆರು,
ಏಳು.