ಎಡ ಮಗ್ಗುಲು

ತಟ್ಟೆಯ ಬಲಗಡೆಯ ಅನ್ನವಷ್ಟೇ ಉಂಡು
"ಪಲ್ಯ ಯಾಕೆ ಹಾಕಲಿಲ್ಲ?" ಅಂದರು ಇವರು.
ಪಲ್ಯ ಇತ್ತು. ಎಡಗಡೆ.
ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ.
"ಹ್ಞಾಂ, ಈಗ ಬಡಿಸಿದಿ ನೋಡು."
ಆಗಲೇ ನನಗೆ ತಿಳಿದದ್ದು,
ಹೋಗಿದ್ದು ಬರೀ ಕೈಯಲ್ಲ, ಕಾಲಲ್ಲ,
ಎಡ ಅನ್ನುವುದೇ ಹೋಗಿದೆ.

ಮೂವತ್ತೊಂದು ವರ್ಷ ಕೌಲ್‌ಬಜಾರಿನ ಕಟಿಂಗ್ ಟೇಬಲ್ಲು.
ಎಂಬತ್ತು ಪದರ ಡೆನಿಮ್ ಹಾಸಿ
ಚಾಕಿನ ಗೆರೆಗೆ ಮಷೀನು ಬಿಟ್ಟರೆ
ಮೇಲಿನ ಪದರಕ್ಕೂ ತಳದ ಪದರಕ್ಕೂ ಕೂದಲೆಳೆ ಫರಕಿಲ್ಲ.
ಪಾಂಡೋಬ ಮಾಸ್ತರ ಕೈ ಅಂದರೆ
ಅದೋನಿಯ ವ್ಯಾಪಾರಿಗಳು ಟೇಪು ಹಿಡಿಯುತ್ತಿರಲಿಲ್ಲ.
ನಾನು ಮನೆಯಲ್ಲೇ ಬೆಲ್ಟಿನ ಲೂಪು ಹೊಲಿಯುತ್ತಿದ್ದೆ,
ಡಜನ್ನಿಗೆ ಇಷ್ಟು ಅಂತ.

ಬೆಳಿಗ್ಗೆ ಆರಕ್ಕೆ ಬ್ರಶ್ಶು ಕೈಜಾರಿತು.
ಬಾಯಿ ಒಂದು ಕಡೆಗೆ ಇಳಿಬಿತ್ತು.
ಮೈದುನ ಆಟೋ ತಂದ, ದೊಡ್ಡಾಸ್ಪತ್ರೆ ಎರಡೇ ಮೈಲಿ.
ನಾನೇ ಅಂದದ್ದು, ಬೇರೆ ಯಾರೂ ಅಲ್ಲ:
ಮೋಕಾ ಕಡೆ ಒಬ್ಬನಿದ್ದಾನೆ, ಲಕ್ವಕ್ಕೆ
ಪಾರಿವಾಳ ಕೊಯ್ದು ಬಿಸಿರಕ್ತ ತೀಡುತ್ತಾನೆ,
ನಮ್ಮ ಸೋದರಮಾವ ಎದ್ದು ಓಡಾಡಲಿಲ್ಲವೇ?

ತೋಳಿಗೊಂದು, ತೊಡೆಗೊಂದು. ಎರಡು ಪಾರಿವಾಳ.
ಚರ್ಮದ ಮೇಲೆ ರಕ್ತ ಒಣಗುತ್ತಿತ್ತು.
ಚರ್ಮದ ಒಳಗೆ, ಕಿವಿಯ ಮೇಲ್ಗಡೆ ಎಲ್ಲೋ,
ಸಾಸಿವೆಯಷ್ಟು ಹೆಪ್ಪಿನ ಆಚೆ ದಡದಲ್ಲಿ
ರಕ್ತ ಸಿಗದೆ ಒಣಗುತ್ತಿತ್ತು
ನನ್ನನ್ನು ಗುರುತು ಹಿಡಿಯುವ ಜಾಗ.

ಆಸ್ಪತ್ರೆಗೆ ಬಂದಾಗ ಮಧ್ಯಾಹ್ನ ಮೂರು.
"ನಾಲ್ಕೂವರೆ ತಾಸಿನೊಳಗೆ ಬಂದಿದ್ದರೆ
ಒಂದು ಇಂಜೆಕ್ಷನ್ ಇತ್ತಮ್ಮಾ,"
ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು.
ಮಿದುಳಿನ ಬಲಕ್ಕೆ ಕಪ್ಪು ತೇಪೆ,
ಹಿಂಜೇಬಿನ ಆಕಾರ, ಅದೇ ಚೂಪು.
ಬಲಕ್ಕೆ ಕೆಟ್ಟರೆ ಎಡಕ್ಕೆ ಬೀಳುತ್ತದೆ ಅಂದರು.
ಬಟ್ಟೆ ಒಳಮೈ ತಿರುವಿದರೆ ಹಾಗೇ ಅಲ್ಲವೇ,
ಅಷ್ಟು ನನಗೂ ಗೊತ್ತು.

ಇನ್ನೊಂದೂ ಗೊತ್ತು:
ಕೆಳಗೆ ಬಾಬಿನ್ನಿನ ನೂಲು ಮುಗಿದದ್ದು ತಿಳಿಯದೆ
ತುಳಿಯುತ್ತಾ ಹೋಗುತ್ತೇವಲ್ಲ,
ಸೂಜಿ ಏಳುತ್ತದೆ, ಬೀಳುತ್ತದೆ, ಸದ್ದೂ ಅದೇ,
ಬಟ್ಟೆಯ ಮೇಲೆ ಚುಚ್ಚಿದ ಗುರುತೂ ಇರುತ್ತದೆ.
ಎಳೆದರೆ ಮೊಳದುದ್ದ ಬಿಚ್ಚಿಕೊಳ್ಳುತ್ತದೆ.
ಆ ಒಂಬತ್ತು ತಾಸು.

ಮಾಲೀಕರು ಪ್ರೀತಿಗೆ ಒಂದು ತುಂಡು ಬಟ್ಟೆ ಕಳಿಸಿದರು.
ಚಾಕು ಹಿಡಿದು ಗೆರೆ ಎಳೆದರು ಇವರು,
ಬಲಗಾಲು, ಅರ್ಧ ಸೊಂಟ, ಒಂದು ಜೇಬು,
ಕಣ್ಣಿಗೊತ್ತಿಕೊಳ್ಳುವ ಹಾಗೆ.
"ಆಯ್ತು, ಹೊಲಿಯಲಿಕ್ಕೆ ಕೊಡು."
ನಾನು ಕೊಟ್ಟೆ. ಏನು ಮಾಡಲಿ?

ಮಾಳಿಗೆಯಿಂದ ನೋಡಿದರೆ ಬಲಕ್ಕೆ ಕೋಟೆಗುಡ್ಡ,
ಎಡಕ್ಕೆ ಆಕಾಶ ನೋಡುತ್ತಾ ಅಂಗಾತ ಮಲಗಿದ
ಮುಖದಂಥ ಕುಂಬಾರಗುಡ್ಡ.
"ಬಳ್ಳಾರಿಗೆ ಗುಡ್ಡ ಎಷ್ಟ್ರೀ ಮಾಸ್ತರ್?"
"ಎರಡು," ಅನ್ನುತ್ತಾರೆ, ನೆನಪು ಹಾಗೇ ಇದೆ.
"ಕಾಣೋದು?"
"ಒಂದು. ಇನ್ನೊಂದನ್ನು ಕಲ್ಲಿಗೆ ಒಡೆದರೇನು?"

ರಾತ್ರಿ ಎಡ ಮಗ್ಗುಲಲ್ಲೇ ನಾನು,
ಮದುವೆಯಾದಂದಿನಿಂದ ಅಲ್ಲೇ.
"ಇವಳು ಎಲ್ಲಿ ಹೋದಳು?" ಅಂತ ಕತ್ತಲನ್ನು ಕೇಳುತ್ತಾರೆ.
ಇಲ್ಲೇ ಇದ್ದೀನಲ್ರೀ.
"ದನಿ ಐತಿ, ಆಕಿ ಇಲ್ಲ."

ಬಲಕ್ಕೆ ಬಂದುಬಿಡಲೇ ಅಂತ ಕೇಳಿದೆ.
ಫಿಜಿಯೋ ಹುಡುಗಿ ತಹಸೀನ್ ಕೈ ಹಿಡಿದಳು:
"ಬ್ಯಾಡ್ರೀ ಅಕ್ಕ, ಎಡಕ್ಕೇ ಕುಂದ್ರಿ. ಹುಡುಕ್ಲಿ.
ಸತ್ತದ್ದು ಏಳಂಗಿಲ್ಲ, ಪಕ್ಕದ್ದು ಕಲೀತೈತಿ."

ಕೂತಿದ್ದೇನೆ. ಬಳೆ ಅಲ್ಲಾಡಿಸುತ್ತೇನೆ.
ಕತ್ತು ಮೂಗಿನ ನೇರಕ್ಕೆ ಬಂದು ನಿಲ್ಲುತ್ತದೆ,
ಗಡಿಯಲ್ಲಿ ಕಾಗದ ತೋರಿಸಲು ನಿಂತ ಲಾರಿಯಂತೆ.
ನಿನ್ನೆ ಒಂದು ಬೆರಳಷ್ಟು ದಾಟಿತು.
"ಈ ಬಳೆ ಯಾರದು?" ಅಂದರು.

ಹೇಳಲಿಲ್ಲ. ಹುಡುಕಲಿ.
ಮಾಳಿಗೆಯ ಎಡ ಅಂಚಿಗೆ
ದಿನಾ ಒಂದು ಪಾರಿವಾಳ ಬಂದು ಕೂರುತ್ತದೆ.
ಎಲ್ಲವೂ ಕಾಣಲಿ ಇವರಿಗೆ, ಪಲ್ಯ, ಗುಡ್ಡ, ನಾನು.
ಅದೊಂದು ಮಾತ್ರ
ಹಾರಿಹೋದ ಮೇಲೆ.