ತಳ ಹಿಡಿದ ಪಾಕ

ಮೊದಲ ಸಲ ಬಂದಾಗ ನಾನೇ ಬರೆದೆ: ಉಳುಕು.
ಮುಲಾಮು, ನೋವಿನ ಮಾತ್ರೆ, ಮೂರು ದಿನ ವಿಶ್ರಾಂತಿ.
ಹೊರಗೆ ಎಪ್ಪತ್ತು ಜನರ ಸಾಲಿತ್ತು.

ಐದನೇ ದಿನ ಗೂಡ್ಸ್ ಆಟೋದಲ್ಲಿ ಮಲಗಿಸಿ ತಂದರು
ಕೀಲಾರದ ಆಲೆಮನೆಯ ಮರಿಜವರನನ್ನು.
ಬೆನ್ನಿಗೆ ಕಬ್ಬಿನ ರಚ್ಚು ಅಂಟಿತ್ತು, ಜ್ವರ ನೂರಮೂರು.
ಟೇಪು ಸುತ್ತಿದೆ: ಬಲದ ತೊಡೆ ಎಡಕ್ಕಿಂತ ಎರಡಂಗುಲ ಹೆಚ್ಚು.
ಚರ್ಮಕ್ಕೆ ಮಾತ್ರ ಸುದ್ದಿಯೇ ಮುಟ್ಟಿಲ್ಲ—
ಕೆಂಪಿಲ್ಲ, ಗಾಯವಿಲ್ಲ, ಒಂದು ಗೀರೂ ಇಲ್ಲ.
ಒತ್ತಿದರೆ ಒಳಗೆ ಹಲಸಿನ ಕೊರಡು.

"ಎಣ್ಣೆ ಹಚ್ಚಿ ತಿಕ್ಕಿಸ್ದೊ ಕಣವ್ವ," ಅಂದಳು ಹೊಂಬಾಳಮ್ಮ,
"ತಿಕ್ಕಿದಷ್ಟೂ ಕೂಗ್ಕೊಂಡ."

ಅವನೇ ಕಣ್ಣು ಬಿಟ್ಟ. ಒಣಗಿದ ನಾಲಿಗೆ:
"ಕೊಪ್ಪರಿಗೇಲೂ ಹಿಂಗೇ ಆಯ್ತದೆ ಡಾಕ್ಟ್ರಮ್ಮ.
ಮೇಲೆ ನೊರೆ ನೆಟ್ಟಗೆ ಕುಣೀತಿರ್ತದೆ,
ತಳ ಹಿಡ್ದಿರ್ತದೆ.
ಮೂಗಿಗೆ ಬಡಿಯೋ ಹೊತ್ಗೆ ಪಾಕ ಕೆಟ್ಟೋಗಿರ್ತದೆ."

ಓದಿದ್ದೆ ನಾನೂ, ಪರೀಕ್ಷೆಯ ಹಿಂದಿನ ರಾತ್ರಿ,
ಉಷ್ಣವಲಯದ ಕಾಯಿಲೆ ಎಂದು ಅರ್ಧ ಪುಟ.
ಆ ಅರ್ಧ ಪುಟ ಮಂಡ್ಯದ ವಿಷಯವೆಂದು
ಆಗ ಹೊಳೆದಿರಲಿಲ್ಲ.

ದೊಡ್ಡಾಸ್ಪತ್ರೆಯ ಸ್ಕ್ಯಾನಿಂಗ್ ಕೋಣೆ.
ತಣ್ಣನೆಯ ಜೆಲ್ಲಿಗೆ ಬೆಚ್ಚಿದ.
ಪರದೆಯಲ್ಲಿ ಸ್ನಾಯುವಿನ ಎಳೆಗಳು, ಸಾಲು ಹಿಡಿದ ನಾಟಿ;
ನಡುವೆ ಕಪ್ಪು ಕೆರೆ,
ಅದರ ತಳದಲ್ಲಿ ಗಸಿ ಮೆಲ್ಲನೆ ತಿರುಗುತ್ತಿತ್ತು.

ಸಣ್ಣ ಸೂಜಿಗೆ ಬರಲಿಲ್ಲ. ದಪ್ಪದ್ದು ತರಿಸಿದೆವು.
ಹೋಲಿಸಬಾರದು ಅಂದುಕೊಂಡೆ, ಆದರೂ ಹೋಲಿತು:
ಅಚ್ಚಿಗೆ ಸುರಿಯುವ ಮುಂಚಿನ ಬೆಲ್ಲ.
ಸರ್ಜನ್ ಕೊಯ್ದಾಗ ಬೇಸಿನ್ ತುಂಬ ಕೀವು.
ಯಾರೂ ಮೂಗು ಮುಚ್ಚಲಿಲ್ಲ.
ಒಬ್ಬ ಆಯಾ ಮಾತ್ರ, "ಬಂತಲ್ಲ ಬಿಡಿ" ಅಂದಳು,
ತಡವಾಗಿ ಬಂದ ಬಸ್ಸಿನ ಬಗ್ಗೆ ಅನ್ನುವ ಹಾಗೆ.

ಎರಡು ದಿನ ಬಿಟ್ಟು ಲ್ಯಾಬಿನ ರಿಹಾನಾ
ತಟ್ಟೆಯನ್ನು ಕಿಟಕಿಗೆ ಹಿಡಿದಳು:
ಹೊಂಬಣ್ಣದ ಚುಕ್ಕಿಗಳು, ದುಂಡಗೆ, ಚೆಂದಕ್ಕೇ ಇದ್ದವು.
ಎಷ್ಟೋ ಜನರ ಮೂಗಿನಲ್ಲಿ ತಣ್ಣಗೆ ಕೂತಿರುವ ಜೀವಿ
ಇವನ ತೊಡೆಗೆ ಯಾವ ದಾರಿಯಲ್ಲಿ ಇಳಿಯಿತೋ.
ಕ್ಲಾಕ್ಸಾಸಿಲಿನ್‌ಗೆ ಬಗ್ಗುತ್ತದೆ, ಪುಣ್ಯ.
ರಕ್ತದ ಸಕ್ಕರೆ ಮುನ್ನೂರ ಹತ್ತು.
ಅದನ್ನು ಕೇಳಿ, ಜ್ವರ ಇಳಿದ ಮೇಲೆ ಮೊದಲ ಸಲ ನಕ್ಕ:
"ಬೆಲ್ಲ ಕಾಸೋನ್ಗೆ ಸಕ್ರೆ ಬಂತಾ!"

ದಿನಾ ಬೆಳಿಗ್ಗೆ ಗಾಯದೊಳಗಿನ ಬಟ್ಟೆಬತ್ತಿ ಎಳೆಯುವುದು,
ಹೊಸದನ್ನು ತುರುಕುವುದು. ಅವನು ಹಲ್ಲು ಕಚ್ಚಿ
ತನ್ನ ಕೊಪ್ಪರಿಗೆಗೆ ಈಗ ಯಾರು ನಿಂತಿದ್ದಾರೋ ಎಂದು ಬೈಯುತ್ತಿದ್ದ.
ದಿನಕ್ಕಿಷ್ಟು ಬತ್ತಿ ಗಿಡ್ಡವಾಯಿತು.

ಬಿಡುಗಡೆಯ ದಿನ ಹೊಂಬಾಳಮ್ಮನ ಫೈಲು ನೋಡಿದೆ.
ಎಲ್ಲಕ್ಕಿಂತ ಮೇಲೆ, ಪಿನ್ನು ಚುಚ್ಚಿ, ನನ್ನ ಹಳೆಯ ಚೀಟಿ.
"ಇದೂ ನೀವೇ ಬರ್ದಿದ್ದಲ್ವಾ," ಅಂದಳು ಓದು ಬಾರದವಳು,
"ಬೇಕಾಯ್ತದೆ ಅಂತ ಮಡಗಿವ್ನಿ."

ಕಿತ್ತುಬಿಡಬಹುದಿತ್ತು.
ಪಿನ್ನು ಸಡಿಲವಾಗಿತ್ತು. ಒತ್ತಿ ಕೊಟ್ಟೆ.