ಹಾಸಿಗಿ ಇದ್ದಷ್ಟು

ರವಿವಾರ ಹತ್ತೂವರೆಗೆ ಗ್ರಾಮಸಭೆ.
ಚರ್ಚಿನಿಂದ ಬಂದವರು ಇಸ್ತ್ರಿ ಅಂಗಿಯೊಳಗ,
ಮಾರ್ಕೆಟ್ಟಿನಿಂದ ಬಂದವರು ಮೀನಿನ ಚೀಲದ ಸಮೇತ,
ನಾನು ಅರವತ್ತು ಕಪ್ಪು ಚಹಾದ ಜೋಡಿ.
ವಾಸ್ಕೋ ಕಡಿಂದ ಬರೋ ಗಾಳಿಗೆ
ಬಾಗಿಲ ಒಮ್ಮೆ ಬಡೀತೈತಿ, ಒಮ್ಮೆ ಇಲ್ಲ.

ಸರಪಂಚ ಶಾಂಬಾ ನಾಗ್ವೇಕರ್ ಬಜೆಟ್ ಓದಿದ್ರು.
ಎಂಟು ಟ್ಯೂಬ್‌ಲೈಟು.
ಒಂದು ಮೋರಿಯ ಮುಚ್ಚಳ.
ಬಸ್‌ಸ್ಟಾಪಿಗೆ ಬಣ್ಣ, ಹೋದ ವರ್ಷದ್ದ ಬಣ್ಣ.
ನಲವತ್ತೊಂದು ಲಕ್ಷ ಖರ್ಚಾಗದ ಉಳಿದೈತಿ ಅಂದಾಗ
ಅವರ ದನಿಯೊಳಗ
ಮಣ್ಣಿನ ಗಲ್ಲಾ ತುಂಬಿಸಿದ ಹುಡುಗನ ಹೆಮ್ಮಿ ಇತ್ತು.

ಆಗ ಎದ್ದಾಕಿ ಅನಾಕ್ಲೆತಾ ಬಾಯಿ.
ಐದನೇ ವಾರ್ಡು, ಎದುರು ಪಕ್ಷ,
ಮೊಣಕಾಲ ನೋವು, ಕೈಯಾಗ ಪಂಚಾಯ್ತಿ ಕಾಯ್ದೆ ಪುಸ್ತಕ,
ಬಸ್ ಟಿಕೀಟು ಸಿಕ್ಕಿಸಿ ಗುರುತು ಮಾಡಿದ್ದು.
"ಕುಡಿಯೋ ನೀರು ನಿಮ್ಮ ಕೈಯಾಗ ಕೊಟ್ಟಾರ.
ಸಂತಿ, ಕಸ, ಕೆರಿ, ದೀಪ ಎಲ್ಲಾ ಕೊಟ್ಟಾರ.
ಕೊಟ್ಟ ಅಧಿಕಾರಾನ
ಲಗ್ನದ ಸೀರಿ ಹಂಗ ಟ್ರಂಕಿನ್ಯಾಗ ಇಟ್ಟು
ವರ್ಷಕ್ಕೊಮ್ಮೆ ಡಾಂಬರ್ ಗುಳಿಗಿ ಬದಲಿ ಮಾಡ್ತೀರಿ.
ಉಡೋದು ಯಾವಾಗ?"

ಸರಪಂಚರು ನಕ್ಕರು. ಪಣಜಿ ಕಡೆ ಕೈ ಮಾಡಿದ್ರು
(ಗಡಿಯಾರ ತೂಗುಹಾಕಿದ ಗ್ವಾಡಿ ಅದು).
"ಮ್ಯಾಲಿಂದ ಮಂಜೂರಿ ಬರಬೇಕು, ಬಾಯಿ.
ಹಾಸಿಗಿ ಇದ್ದಷ್ಟ ಕಾಲು ಚಾಚಬೇಕು."
ಅವರು ಅಂದದ್ದು ಕೊಂಕಣಿಯೊಳಗ.
ನನಗ ಕೇಳಿಸಿದ್ದು ಗಜೇಂದ್ರಗಡದ ನಮ್ಮ ಓಣಿಯೊಳಗ.

"ಹಾಸಿಗಿ ಉದ್ದ ಐತಿ ಶಾಂಬಾ ಬಾಬ್" ಅಂದ್ಲು ಆಕಿ,
"ನೀವ ಮುದುಡಿ ಮಲಗೀರಿ."

ಚಪ್ಪಾಳಿ. ಯಾರೋ ಸೀಟಿ ಹೊಡದ್ರು.
ನಾನೂ ಚಪ್ಪಾಳಿ ತಟ್ಟತಿದ್ದೆ, ಕೈಯಾಗ ಟ್ರೇ ಇತ್ತು.
ಮತ್ತ ನೆನಪಾತು:
ಇದ ಬಾಯಿ ಆ ಕುರ್ಚಿಯೊಳಗ ಕುಂತ ವರ್ಷ
ಟ್ಯೂಬ್‌ಲೈಟು ಆರು.
ಆಗ ಎದ್ದು ನಿಂತು ಒದರಿದಾಂವ ಶಾಂಬಾ ಬಾಬ್.
ಅವತ್ತೂ ಚಹಾ ನಂದ; ಸಕ್ಕರಿ ಮಾತ್ರ ಈಗ ಕಡಿಮಿ.
ಕುರ್ಚಿ ಸಣ್ಣದೋ,
ಕುಂತವರು ಸಣ್ಣಾಗ್ತಾರೋ.

ಗುಡ್ಡದ ಮ್ಯಾಲ ನಮ್ಮ ಚಾಳಿಗೆ
ನಳ ಬರೋದು ರಾತ್ರಿ ಎರಡಕ್ಕ, ಬಂದ್ರ.
ಹನ್ನೊಂದು ವರ್ಷದಿಂದ ಓಟು ಹಾಕೀನಿ.
ಇಬ್ಬರಿಗೂ ಹಾಕೀನಿ.

ನಮ್ಮವ್ವ ಕೌದಿ ಹೊಲೀತಿದ್ಲು.
ಅಣ್ಣ ಉದ್ದಾದಂಗ ಅವನ ಪಾದ ಹೊರಗ ಇಣುಕತಿದ್ವು.
ಕಾಲು ಮಡಚೋ ಅಂತ ಆಕಿ ಒಮ್ಮಿನೂ ಅನಲಿಲ್ಲ.
ಹಳೇ ಇಳಕಲ್ ಸೆರಗು ಹರದು
ತುದಿಗೆ ಒಂದು ಗೇಣು ಹಚ್ಚತಿದ್ಲು.
ಬಣ್ಣ ಕೂಡತಿರಲಿಲ್ಲ. ಬೆಚ್ಚಗ ಇರತಿತ್ತು.

ಇದನ್ನ ಹೇಳಬೇಕಂತ ಟ್ರೇ ಕೆಳಗಿಟ್ಟೆ.
ಅಷ್ಟರಾಗ ಕಾರ್ಯದರ್ಶಿ ಬರದು ಪೆನ್ನು ಮುಚ್ಚಿದ್ರು:
'ಸದಸ್ಯರ ಸೂಚನೆಯನ್ನು ಗಮನಿಸಲಾಗಿದೆ.'

ಸಭೆ ಮುಗದ ಮ್ಯಾಲ ಇಬ್ಬರೂ
ಒಂದ ಬೆಂಚಿನ ಮ್ಯಾಲ ಕುಂತು
ಮೊಣಕಾಲಿನ ಎಣ್ಣಿ ಬಗ್ಗೆ ಮಾತಾಡ್ತಿದ್ರು.
ಕಿಟ್ಲಿ ಹಿಡಕೊಂಡು ಹೋದೆ.

"ಕಾಶವ್ವ, ಅರ್ಧ ಕಪ್ಪು ಸಾಕು" ಅಂದ್ರು ಸರಪಂಚರು.
"ನನಗೂ" ಅಂದ್ಲು ಬಾಯಿ.

ತುಂಬ ಸುರದೆ.
ಬಶಿಗೆ ಚೆಲ್ಲಿತು. ಚೆಲ್ಲಲಿ.